ಬೆನ್ನಿನ ಸೂಜಿ ಆದಮೇಲೆ ಮಗಳು ಮುಖ ತಿರುಗಿಸಿದ್ದಾಳೆ

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಹಳ್ಳಿಯವರು. ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್, ಎ.ಎಲ್.ಎಲ್. ಅಂತ ಗೊತ್ತಾಗಿ ಹನ್ನೆರಡು ದಿನ ಆಯಿತು. ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಿದ್ದೇವೆ, ಎರಡೂವರೆ ವರ್ಷ ಚಿಕಿತ್ಸೆ ಅಂದಿದ್ದಾರೆ. ಬೆನ್ನಿಗೆ ಸೂಜಿ ಹಾಕುವಾಗ ‘ಏನೂ ನೋವಾಗಂಗಿಲ್ಲ’ ಅಂತ ಹೇಳಿ ಕಾಲು ಹಿಡಿದುಕೊಂಡೆ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ತಟ್ಟೆ ಎಸೆಯುತ್ತಾಳೆ, ನಡುರಾತ್ರಿ ಎದ್ದು ರೊಟ್ಟಿ ಬೇಕು ಅಂತ ಅಳುತ್ತಾಳೆ. ಮೊನ್ನೆ ‘ನಾ ಸಾಯ್ತೇನೇನು?’ ಅಂತ ಕೇಳಿದಳು, ನಾನು ಮಾತು ತಿರುಗಿಸಿದೆ. ಯಜಮಾನರು ಗೋವಿನಜೋಳದ ಕಟಾವಿಗೆ ಊರಿಗೆ ಹೋಗಿದ್ದಾರೆ. ಒಂಬತ್ತು ವರ್ಷದ ಮಗ ಅಜ್ಜಿಯ ಹತ್ತಿರ ಇದ್ದಾನೆ. ಮನೆಯಲ್ಲಿ ಹಿರಿಯರು ‘ಬೇರಿನ ಔಷಧಿ ಕೊಡಿಸೋಣು, ಕರಕೊಂಡು ಬಾ’ ಅನ್ನುತ್ತಾರೆ. ಜ್ವರ ಶುರುವಾದಾಗಲೇ ದೊಡ್ಡ ದವಾಖಾನೆಗೆ ತಂದಿದ್ದರೆ ಹೀಗಾಗುತ್ತಿರಲಿಲ್ಲವೇನೋ ಅನ್ನಿಸಿ ನಿದ್ದೆ ಬರುತ್ತಿಲ್ಲ. ನಾನು ಏನು ಮಾಡಬೇಕು?

ಉತ್ತರ: ಮೊದಲು ಮಗಳ ಸಿಟ್ಟಿನ ಮಾತು. ಅದರಲ್ಲಿ ಅರ್ಧ ಗುಳಿಗೆಯದು. ಎ.ಎಲ್.ಎಲ್. ಚಿಕಿತ್ಸೆಯ ಮೊದಲ ನಾಲ್ಕೈದು ವಾರ ದಿನಾಲೂ ಸ್ಟೀರಾಯ್ಡ್ ಕೊಡುತ್ತಾರೆ. ಚೀಟಿಯಲ್ಲಿ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್ ಅಂತ ಇರುತ್ತದೆ, ನೋಡಿ. ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿ ಅದು. ಅದೇ ಔಷಧಿ ಹಸಿವು ಕೆರಳಿಸುತ್ತದೆ, ನಿದ್ದೆ ಕೆಡಿಸುತ್ತದೆ, ಮಗು ಗುರುತು ಸಿಗದಷ್ಟು ಸಿಡಿಮಿಡಿಗೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ರೊಟ್ಟಿ ಕೇಳುವುದು, ಕೊಟ್ಟ ತಟ್ಟೆ ಎಸೆಯುವುದು, ಐದು ನಿಮಿಷಕ್ಕೆ ತಾನೇ ಅಳುವುದು, ಎರಡನೇ ವಾರದಲ್ಲಿ ಇದನ್ನೆಲ್ಲ ಮಾಡದ ಮಕ್ಕಳು ಕಡಿಮೆ. ಇನ್ನೊಂದು ವಾರಕ್ಕೆ ಮುಖ ಊದಿ ದುಂಡಗಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಔಷಧಿ ಇಳಿಸಿ ನಿಲ್ಲಿಸಿದ ಕೆಲವು ವಾರಗಳಲ್ಲಿ ಇವೆಲ್ಲ ಇಳಿಯುತ್ತವೆ. ಸಿಟ್ಟು ತಡೆಯಲಾರದೆ ನೀವಾಗಿಯೇ ಗುಳಿಗೆ ತಪ್ಪಿಸಬೇಡಿ. ಇಷ್ಟು ದಿನ ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ದೇಹ ತನ್ನದನ್ನು ತಯಾರಿಸುವುದು ಬಿಟ್ಟಿರುತ್ತದೆ. ಒಮ್ಮೆಲೇ ನಿಂತರೆ ಬಿ.ಪಿ. ಕುಸಿದು ಮಗು ಕುಸಿಯಬಹುದು.

ರಾತ್ರಿಯ ಹಸಿವಿಗೆ ಮಂಚದ ಹತ್ತಿರ ಒಂದು ಮುಚ್ಚಳದ ಡಬ್ಬಿ ಇಡಿ. ಅಂದೇ ಬೇಯಿಸಿದ ಮೆತ್ತಗಿನ ರೊಟ್ಟಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಸಾಕು. ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಬೇಡ, ಯಾಕೆಂದರೆ ಸ್ಟೀರಾಯ್ಡ್ ಬಿ.ಪಿ. ಏರಿಸುತ್ತದೆ. ಸಿಹಿಯೂ ಮಿತಿಯಲ್ಲಿರಲಿ. ಸ್ಟೀರಾಯ್ಡಿನ ಜೊತೆ ಎಲ್-ಆಸ್ಪರಾಜಿನೇಸ್ ಸೂಜಿಯೂ ಇದ್ದರೆ ರಕ್ತದ ಸಕ್ಕರೆ ಜಿಗಿಯುತ್ತದೆ. ನೋಡಲು ಬಂದವರು ತಂದ ಧಾರವಾಡ ಪೇಢೆಯನ್ನು ನೀವು ತಿನ್ನಿ, ನಿಮಗೂ ಶಕ್ತಿ ಬೇಕು.

ಇನ್ನರ್ಧ ಸಿಟ್ಟು ನೀವು ಹೇಳಿದ ಸುಳ್ಳಿನದು. ಬೈಯುವ ಮಾತಲ್ಲ ಇದು, ನೂರು ತಾಯಂದಿರಲ್ಲಿ ತೊಂಬತ್ತು ಜನ ಅದೇ ಮಾತು ಹೇಳುತ್ತಾರೆ. ಆದರೆ ಬೆನ್ನಿನ ಸೂಜಿ ಒಂದು ಸಲಕ್ಕೆ ಮುಗಿಯುವುದಿಲ್ಲ. ರಕ್ತಕ್ಕೆ ಬಿಟ್ಟ ಬಹಳಷ್ಟು ಔಷಧಿ ಮೆದುಳು, ಬೆನ್ನುಹುರಿಯ ನೀರಿಗೆ ಸಾಕಷ್ಟು ಮುಟ್ಟುವುದಿಲ್ಲ, ಕಣಗಳು ಅಲ್ಲಿ ಅಡಗಿ ಕೂರುತ್ತವೆ. ಅದಕ್ಕೆ ಆ ನೀರಿಗೇ ನೇರವಾಗಿ ಮೆಥೊಟ್ರೆಕ್ಸೇಟ್ ಅನ್ನುವ ಕ್ಯಾನ್ಸರ್ ಔಷಧಿ ಬಿಡುತ್ತಾರೆ. ಪೂರ್ತಿ ಚಿಕಿತ್ಸೆಯಲ್ಲಿ ಇದು ಹತ್ತಕ್ಕಿಂತ ಹೆಚ್ಚು ಸಲ ಬರುತ್ತದೆ. ಮುಂದಿನದಕ್ಕೆ ಮುಂಚೆ ಮಗಳ ನಂಬಿಕೆ ನಿಮಗೆ ವಾಪಸು ಬೇಕು.

ಇವತ್ತೇ, ಅವಳು ಸಮಾಧಾನದಲ್ಲಿದ್ದಾಗ, ನಿಮ್ಮ ಮನೆಮಾತಿನಲ್ಲೇ ಹೇಳಿ: ‘ಅವತ್ತ ನೋವಾಗಂಗಿಲ್ಲ ಅಂತ ಹೇಳಿದ್ನೆಲ್ಲಾ, ಅದು ತಪ್ಪಾತು. ಖರೇನ ನೋವಾಗ್ತೈತಿ. ಇನ್ನ ಮ್ಯಾಲೆ ನೋವಾಗೂದಿದ್ರ ನೋವಾಗ್ತೈತಿ ಅಂತನ ಹೇಳ್ತೀನಿ.’ ಅಷ್ಟೇ. ಅವಳು ಉತ್ತರ ಕೊಡದಿದ್ದರೆ ಒತ್ತಾಯ ಮಾಡಬೇಡಿ. ನಾಳೆ ಕೈಯಿಂದ ರಕ್ತ ತೆಗೆಯುವಾಗ ನೀವು ಹೇಳಿದಂತೆಯೇ ನಡೆದರೆ ಸಾಕು, ಮಕ್ಕಳು ಅದನ್ನು ಲೆಕ್ಕ ಇಟ್ಟುಕೊಳ್ಳುತ್ತಾರೆ.

ಮುಂದಿನ ಬೆನ್ನಿನ ಸೂಜಿಯ ಹಿಂದಿನ ದಿನ ಸಿಸ್ಟರನ್ನು ಎರಡು ವಿಷಯ ಕೇಳಿ. ಮಂಪರು ಬರಿಸಿ ಮಾಡುತ್ತಾರೋ, ಜಾಗ ಮರಗಟ್ಟಿಸಿ ಮಾಡುತ್ತಾರೋ? ಮಂಪರು ಕೊಡುವುದಿದ್ದರೆ ಹೊಟ್ಟೆ ಖಾಲಿ ಇರಬೇಕು. ಊಟ, ಹಾಲು ಆರು ತಾಸು ಮುಂಚೆಯೇ ಬಂದ್, ಬರೀ ನೀರು ಎರಡು ತಾಸು ಮುಂಚೆ ತನಕ, ವಾರ್ಡಿನವರು ಬೇರೆ ಸಮಯ ಹೇಳಿದರೆ ಅದೇ ಕೊನೆ. ಇಲ್ಲಿ ಎಡವುವವರು ಬಹಳ. ಅತ್ತಿತೆಂದು ಅಜ್ಜಿ ಬೆಳಿಗ್ಗೆ ಒಂದು ಬಿಸ್ಕೀಟು ಕೊಟ್ಟಿರುತ್ತಾಳೆ, ಸೂಜಿ ಮುಂದಕ್ಕೆ ಹೋಗುತ್ತದೆ. ಮುಚ್ಚಿಟ್ಟು ಹೇಳದಿದ್ದರೆ ಇನ್ನೂ ಕೆಟ್ಟದ್ದು, ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡನೆಯ ಪ್ರಶ್ನೆ, ಚರ್ಮ ಮರಗಟ್ಟಿಸುವ ಮುಲಾಮು ಸಿಗುತ್ತದೆಯೇ? ಲಿಡೊಕೇನ್–ಪ್ರಿಲೊಕೇನ್ ಮುಲಾಮನ್ನು ಸೂಜಿ ಹಾಕುವ ಜಾಗಕ್ಕೆ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಪೂರಾ ಒಂದು ತಾಸು ಬಿಡಬೇಕು. ಹತ್ತು ನಿಮಿಷ ಮುಂಚೆ ಹಚ್ಚಿದರೆ ಹಚ್ಚದಿದ್ದಂತೆಯೇ.

ಕಾಲು ಹಿಡಿಯುವ ಕೆಲಸ ನಿಮ್ಮದಾಗದಿರಲಿ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲು ಹೊಟ್ಟೆಗೆ, ಗದ್ದ ಎದೆಗೆ ತಾಗುವಂತೆ ಬೆಕ್ಕಿನ ಹಾಗೆ ಮುದುಡಿಸುತ್ತಾರೆ. ಬೆನ್ನಿನ ಮೂಳೆಗಳ ನಡುವಿನ ಸಂದು ಅಗಲವಾಗಲಿ ಅಂತ. ಆ ಹಿಡಿತ ಸಿಬ್ಬಂದಿ ಹಿಡಿಯಲಿ. ನೀವು ತಲೆಯ ಹತ್ತಿರ ಮುಖಕ್ಕೆ ಮುಖ ಕೊಟ್ಟು ಕೂರಲು ಅನುಮತಿ ಕೇಳಿ. ಊದುವ ಕೆಲಸ ಕೊಡಿ: ಸಾಬೂನಿನ ಗುಳ್ಳೆ, ಇಲ್ಲವೇ ನಿಮ್ಮ ಅಂಗೈ ಮೇಲಿನ ಹತ್ತಿಯ ಎಳೆ. ಊದುವ ಮಗು ಉಸಿರು ಬಿಗಿಹಿಡಿಯುವುದಿಲ್ಲ, ಮೈ ಸಡಿಲ ಬಿಡುತ್ತದೆ. ಮುಗಿದ ಮೇಲೆ ಅರ್ಧದಿಂದ ಒಂದು ತಾಸು ದಿಂಬಿಲ್ಲದೆ ಮಲಗಿರಬೇಕು, ಒಳಗೆ ಬಿಟ್ಟ ಔಷಧಿ ಮೆದುಳಿನ ತನಕ ಹರಿಯಲಿ ಅಂತ. ಆಯ್ಕೆ ಕೊಡುವುದಾದರೆ ಅವಳ ಕೈಯಲ್ಲಿ ನಿಜವಾಗಿ ಇರುವುದನ್ನು ಕೊಡಿ: ‘ಎಡಗೈಯೋ ಬಲಗೈಯೋ?’ ‘ಸೂಜಿ ಹಾಕ್ಕೋತಿಯೇನು?’ ಅಂತ ಕೇಳಿದರೆ ಅವಳು ‘ಇಲ್ಲ’ ಅನ್ನುತ್ತಾಳೆ, ನೀವು ಹಾಕಿಸುತ್ತೀರಿ. ಮತ್ತೆ ಅದೇ ಜಗಳ.

‘ನಾ ಸಾಯ್ತೇನೇನು?’ ಅನ್ನುವ ಪ್ರಶ್ನೆಗೆ ನೀವು ಮಾತು ತಿರುಗಿಸಿದ್ದು ಸಹಜ. ಅವಳು ಮತ್ತೆ ಕೇಳುತ್ತಾಳೆ. ಕೇಳದಿದ್ದರೆ ‘ಅವ್ವನ ಹತ್ರ ಇದನ್ನ ಕೇಳಬಾರದು’ ಅಂತ ಕಲಿತಳೆಂದೇ ಅರ್ಥ. ಮೊದಲು ನೀವೇ ಮರಳಿ ಕೇಳಿ: ‘ಯಾಕ ಹಂಗ ಅನಿಸ್ತು ನಿನಗ?’ ಪಕ್ಕದ ಮಂಚ ರಾತ್ರೋರಾತ್ರಿ ಖಾಲಿಯಾಗಿರಬಹುದು, ಯಾರೋ ಸಂಬಂಧಿ ಫೋನಿನಲ್ಲಿ ಅತ್ತಿದ್ದು ಕೇಳಿಸಿರಬಹುದು. ಅದಕ್ಕೆ ಉತ್ತರ ಕೊಡಿ. ಆಮೇಲೆ: ‘ನಿನಗ ಬಂದಿದ್ದು ದೊಡ್ಡ ಜಡ್ಡು. ಅದಕ್ಕ ಗಟ್ಟಿ ಔಷಧಿ ಕೊಡಾಕತ್ತಾರ. ಭಾಳ ಹುಡುಗೂರು ಇದರಿಂದ ಆರಾಮ ಆಗ್ಯಾರ. ನಾ ನಿನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ.’ ಇದರಲ್ಲಿ ಸುಳ್ಳಿಲ್ಲ. ಒಳ್ಳೆಯ ಸೌಲಭ್ಯವಿರುವ ಕಡೆ, ಪೂರ್ತಿ ಚಿಕಿತ್ಸೆ ಪಡೆದ ಎ.ಎಲ್.ಎಲ್. ಮಕ್ಕಳಲ್ಲಿ ಬಹುಪಾಲು ಗುಣವಾಗುತ್ತಾರೆ. ಈ ವಯಸ್ಸಿನ ಮಕ್ಕಳು ಕಾಯಿಲೆಯನ್ನು ಶಿಕ್ಷೆ ಅಂದುಕೊಳ್ಳುವುದೂ ಉಂಟು, ‘ನೀ ಏನೂ ತಪ್ಪು ಮಾಡಿಲ್ಲ’ ಅನ್ನುವ ಮಾತು ಬಿಡಬೇಡಿ.

ಆ ಮಾತು ನಿಮಗೂ ಸಲ್ಲುತ್ತದೆ. ಬಹುತೇಕ ಮಕ್ಕಳಲ್ಲಿ ಈ ರೋಗಕ್ಕೆ ತೋರಿಸಬಹುದಾದ ಕಾರಣವೇ ಇರುವುದಿಲ್ಲ. ಮಜ್ಜೆಯಲ್ಲಿ ರಕ್ತಕಣ ತಯಾರಾಗುವಾಗ ಒಂದು ಕಣದ ವಂಶವಾಹಿಯಲ್ಲಿ ಆಕಸ್ಮಿಕವಾಗಿ ದೋಷ ಆಗುತ್ತದೆ. ತಿಂದದ್ದರಿಂದ, ಬಿದ್ದದ್ದರಿಂದ, ಯಾರದೋ ದೃಷ್ಟಿಯಿಂದ ಬಂದದ್ದಲ್ಲ. ಅಂಟುವುದೂ ಇಲ್ಲ. ಜ್ವರ, ಕಾಲುನೋವು, ಬಿಳಿಚಿಕೊಳ್ಳುವುದು ಮೊದಲ ವಾರಗಳಲ್ಲಿ ಯಾವ ಜ್ವರದಲ್ಲಾದರೂ ಕಾಣುತ್ತವೆ. ಊರಿನ ಡಾಕ್ಟರು ಮೊದಲು ವೈರಲ್ ಜ್ವರ ಅಂದುಕೊಳ್ಳುವುದೂ ಅದಕ್ಕೇ.

ಇನ್ನು ನಿಮ್ಮಿಂದ ನಿಜಕ್ಕೂ ಪ್ರಾಣ ಉಳಿಯುವ ಕೆಲಸಕ್ಕೆ ಬರೋಣ, ಅದು ಜ್ವರ. ಕೀಮೊ ಕ್ಯಾನ್ಸರ್ ಕಣದ ಜೊತೆ ಒಳ್ಳೆಯ ಬಿಳಿಕಣಗಳನ್ನೂ ಕೊಲ್ಲುತ್ತದೆ. ರಿಪೋರ್ಟಿನಲ್ಲಿ ಒಟ್ಟು ಬಿಳಿಕಣ 1,800, ನ್ಯೂಟ್ರೊಫಿಲ್ (ಸೋಂಕಿನ ಜೊತೆ ಸೆಣಸುವ ಬಿಳಿಕಣ) 20 ಪ್ರತಿಶತ ಅಂತಿದ್ದರೆ 1,800ರಲ್ಲಿ 20 ಪ್ರತಿಶತ, ಅಂದರೆ 360. ಡಾಕ್ಟರು ‘ಎ.ಎನ್.ಸಿ.’ ಅನ್ನುವುದು ಇದನ್ನೇ. 500ಕ್ಕಿಂತ ಕೆಳಗಿದ್ದಾಗ ಮಗುವಿಗೆ ಕಾವಲುಗಾರರೇ ಇಲ್ಲ. ಕರುಳಿನಲ್ಲಿ, ಬಾಯಲ್ಲಿ ಸುಮ್ಮನೆ ಇದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕೆಲವೇ ತಾಸುಗಳಲ್ಲಿ ಬಿ.ಪಿ. ಕುಸಿಯುತ್ತದೆ. ಜ್ವರ ಕಂಡ ಒಂದು ತಾಸಿನೊಳಗೆ ನರದ ಮೂಲಕ ಮೊದಲ ಆಂಟಿಬಯೋಟಿಕ್ ಹೋಗಬೇಕು ಅನ್ನುವುದು ಅದಕ್ಕೆ.

ಡಿಜಿಟಲ್ ಥರ್ಮಾಮೀಟರ್ ಒಂದು ನಿಮ್ಮದೇ ಇರಲಿ. ಕಂಕುಳಲ್ಲಿ 100.4 ಫ್ಯಾರನ್‌ಹೀಟ್ ತೋರಿಸಿತೆಂದರೆ ಅದು ತುರ್ತು, ರಾತ್ರಿ ಮೂರು ಗಂಟೆಯಾದರೂ ಸಿಸ್ಟರನ್ನು ಎಬ್ಬಿಸಿ. ಅಳೆಯುವ ಮುಂಚೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಇಳಿದಂತೆ ಕಂಡು ಸೋಂಕು ಒಳಗೇ ಬೆಳೆಯುತ್ತದೆ. ಇನ್ನೊಂದು ಮೋಸ: ಸ್ಟೀರಾಯ್ಡ್ ಇರುವಾಗ ಜ್ವರವೇ ಬಾರದೆ ಸೋಂಕು ಇರಬಹುದು. ನಡುಕ, ಕೈಕಾಲು ತಣ್ಣಗಾಗುವುದು, ಜೋರು ಹೊಟ್ಟೆನೋವು, ಎಬ್ಬಿಸಿದರೂ ಏಳದ ಮಂಕು, ಉಚ್ಚೆ ಕಡಿಮೆಯಾಗುವುದು, ಇಂಥದ್ದು ಕಂಡರೆ ಥರ್ಮಾಮೀಟರ್ 98 ತೋರಿಸಿದರೂ ಹೇಳಲೇಬೇಕು. ಥರ್ಮಾಮೀಟರನ್ನು ಗುದದಲ್ಲಿ ಇಡುವುದು, ಎನಿಮಾ ಕೊಡುವುದು, ಕುಂಡಿಗೆ ಸೂಜಿ ಹಾಕಿಸುವುದು, ಮೂರೂ ಬೇಡ. ಒಂದು ಸಣ್ಣ ಗೀರು ಸಾಕು ಸೋಂಕಿಗೆ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇದ್ದರೆ ಸೂಜಿ ಹಾಕಿದ ಕಡೆ ರಕ್ತ ಒಳಗೇ ಗಡ್ಡೆ ಕಟ್ಟುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಇರುವ ನೋವಿನ ಗುಳಿಗೆಯೂ ಬೇಡ.

ವಾರ್ಡಿನಲ್ಲಿ ಕುಳಿತವರ ಕಣ್ಣಿಗೆ ಬೇಗ ಬೀಳುವ ಇನ್ನು ಕೆಲವು. ಕೈಗೆ ಹಚ್ಚಿದ ಸೂಜಿಯಲ್ಲಿ ಕೀಮೊ ಹೋಗುವಾಗ ‘ಉರಿತೈತಿ’ ಅಂದರೆ ತಿಕ್ಕಬೇಡಿ, ಕೂಡಲೇ ಸಿಸ್ಟರನ್ನು ಕರೆದು ನಿಲ್ಲಿಸಲು ಹೇಳಿ. ವಿನ್‌ಕ್ರಿಸ್ಟಿನ್, ಡೌನೊರುಬಿಸಿನ್ ನರದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಸುಟ್ಟು ಹುಣ್ಣಾಗುತ್ತದೆ. ಡೌನೊರುಬಿಸಿನ್ ಆದಮೇಲೆ ಒಂದೆರಡು ದಿನ ಉಚ್ಚೆ ಕೆಂಪಗಿದ್ದರೆ ಅದು ಔಷಧಿಯ ಬಣ್ಣ. ವಿನ್‌ಕ್ರಿಸ್ಟಿನ್‌ನಿಂದ ದವಡೆ ನೋವು, ಕಾಲು ನೋವು ಬರುತ್ತದೆ, ಮಲಬದ್ಧತೆ ಆಗುತ್ತದೆ. ಎರಡು ದಿನ ಸಂಡಾಸು ಆಗದಿದ್ದರೆ ಹೇಳಿ. ಆಸ್ಪರಾಜಿನೇಸ್ ಇರುವ ವಾರಗಳಲ್ಲಿ ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ ನೋವು, ವಾಂತಿ ಬಂದರೆ ಮೇದೋಜೀರಕದ ಉರಿಯೂತ ಇರಬಹುದು. ತಡೆಯಲಾರದ ತಲೆನೋವು, ಫಿಟ್ಸ್ ಬಂದರೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು. ಎರಡಕ್ಕೂ ಕಾಯುವಂತಿಲ್ಲ.

ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಬೆಳಿಗ್ಗೆ, ಸಂಜೆಯ ಜ್ವರ, ಸಂಡಾಸು ಆಯಿತೋ ಇಲ್ಲವೋ, ಏನು ತಿಂದಳು, ಎಷ್ಟು ಸಲ ವಾಂತಿ, ಇವತ್ತಿನ ಹಿಮೋಗ್ಲೋಬಿನ್, ಬಿಳಿಕಣ, ಪ್ಲೇಟ್‌ಲೆಟ್. ರೌಂಡ್ಸಿಗೆ ಡಾಕ್ಟರು ಬಂದಾಗ ಐದು ನಿಮಿಷ ಇರುತ್ತಾರೆ, ಆ ಹೊತ್ತಿಗೆ ಏನೂ ನೆನಪಾಗುವುದಿಲ್ಲ. ರಾತ್ರಿಯೇ ಮೂರು ಪ್ರಶ್ನೆ ಬರೆದಿಡಿ. ಓದು–ಬರಹ ಕಷ್ಟವಾದರೆ ಮೊಬೈಲಿನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ. ಕೀಮೊ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೆ ವಾಂತಿಯಾದರೆ ನೀವೇ ಮತ್ತೊಂದು ಕೊಡಬೇಡಿ, ಸಮಯ ಬರೆದು ಸಿಸ್ಟರಿಗೆ ತಿಳಿಸಿ.

ಊಟದಲ್ಲಿ ನಮ್ಮ ಕಡೆಯ ಒಂದು ಚಟ ಬಿಳಿಕಣದ ಕೌಂಟ್ ಕಡಿಮೆ ಇರುವ ತನಕ ಬಿಡಬೇಕು: ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಸವತೀಕಾಯಿ, ಮೆಂತ್ಯ, ಹಕ್ಕರಕಿ ಕಡಿಯುವುದು. ಮಣ್ಣಿನ ಬ್ಯಾಕ್ಟೀರಿಯಾ ಎಲೆಯ ಸಂದಿಯಲ್ಲಿ ಇರುತ್ತವೆ, ಎಷ್ಟು ತೊಳೆದರೂ ಪೂರಾ ಹೋಗುವುದಿಲ್ಲ. ಬೇಯಿಸಿದ್ದು, ಬಿಸಿ ಇರುವುದು, ಮಾಡಿದ ಎರಡು ತಾಸಿನೊಳಗೆ ತಿಂದದ್ದು ಒಳ್ಳೆಯದು. ಹಣ್ಣಾದರೆ ದಪ್ಪ ಸಿಪ್ಪೆಯದು, ನೀವೇ ಸುಲಿದು ಕೊಡುವುದು: ಬಾಳೆ, ಮೂಸಂಬಿ. ದವಾಖಾನೆ ಗೇಟಿನ ಕತ್ತರಿಸಿಟ್ಟ ಪಪ್ಪಾಯಿ, ಗಿರ್ಮಿಟ್, ಕಬ್ಬಿನ ಹಾಲು ಬೇಡ. ಬಾಯಿ ಹುಣ್ಣಾದ ದಿನಗಳಲ್ಲಿ ಬ್ಯಾಡಗಿಯ ಖಾರ ಮನೆಯಲ್ಲಿಯೇ ಇರಲಿ. ಹಾಲು ಹಾಕಿದ ಜೋಳದ ನುಚ್ಚು, ತಿಳಿ ಗಂಜಿ, ಮೆತ್ತಗಿನ ಅನ್ನ–ಬೇಳೆಯೇ ಇಳಿಯುವುದು. ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕು ಸಲ ಬಾಯಿ ಮುಕ್ಕಳಿಸಲಿ. ಮುಕ್ಕಳಿಸಿ ಉಗುಳಬೇಕು, ನುಂಗುವಂತಿಲ್ಲ. ಇನ್ನು ಕೈ ತೊಳೆಯುವುದು: ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು, ನೀವು, ಬಂದವರು, ಎಲ್ಲರೂ. ಎಷ್ಟೇ ಬೇಕಾದವರಿರಲಿ, ಕೆಮ್ಮು–ನೆಗಡಿ ಇದ್ದರೆ ಬಾಗಿಲಲ್ಲೇ ತಡೆಯಿರಿ.

ರಕ್ತ ಮತ್ತು ಪ್ಲೇಟ್‌ಲೆಟ್ ಹುಡುಕುವ ಓಡಾಟ ಊರಿನ ಹುಡುಗರಿಗೆ ಒಪ್ಪಿಸಿ. ಪ್ಲೇಟ್‌ಲೆಟ್ 10,000ಕ್ಕಿಂತ ಇಳಿದರೆ ಸಾಮಾನ್ಯವಾಗಿ ಏರಿಸುತ್ತಾರೆ, ರಕ್ತ ಸೋರುತ್ತಿದ್ದರೆ ಅದಕ್ಕೂ ಮುಂಚೆ. ಯಂತ್ರದಿಂದ ಪ್ಲೇಟ್‌ಲೆಟ್ ಮಾತ್ರ ತೆಗೆಯುವುದಕ್ಕೆ ಎಸ್.ಡಿ.ಪಿ. ಅನ್ನುತ್ತಾರೆ. ಕೊಡುವವರು 50 ಕಿಲೋ ಮೇಲಿರಬೇಕು, ಕೈಯ ನರ ದಪ್ಪ ಇರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು. ಸುಮಾರು ಒಂದೂವರೆ ತಾಸು ಹಿಡಿಯುತ್ತದೆ. ಅದೇ ಗುಂಪಿನ ಏಳೆಂಟು ಜನರ ಹೆಸರು, ನಂಬರು ಈಗಲೇ ಬರೆದಿಡಿ. ಪ್ಲೇಟ್‌ಲೆಟ್ ಐದೇ ದಿನ ಬಾಳುತ್ತದೆ, ಮುಂಚೆಯೇ ತಂದು ಕೂಡಿಡುವಂತಿಲ್ಲ. ರಕ್ತನಿಧಿಯಿಂದ ತರುವವರು ಅದನ್ನು ಐಸಿನಲ್ಲಿ ಇಟ್ಟು ತರಬಾರದು, ತಣ್ಣಗಾದರೆ ಕೆಡುತ್ತದೆ. ಐಸ್ ಬೇಕಾಗುವುದು ಕೆಂಪುರಕ್ತಕ್ಕೆ. ‘ನನ್ನ ರಕ್ತಾನ ಕೊಡ್ತೀನಿ’ ಅಂತ ನೀವು, ಯಜಮಾನರು ಹಟ ಹಿಡಿಯಬೇಡಿ. ಹತ್ತಿರದ ಬಳಗದ ಬಿಳಿಕಣಗಳು ಮಗುವಿನ ದೇಹಕ್ಕೆ ಪರಕೀಯ ಅಂತ ಗೊತ್ತಾಗದೆ ಒಳಗೆ ಉಳಿದು ಮಗುವಿನ ಮೇಲೇ ತಿರುಗಿಬೀಳಬಹುದು. ಬೇರೆಯವರಿಗಾಗಿ ರಕ್ತನಿಧಿಗೆ ಕೊಡಿ, ಅದಕ್ಕೆ ಬದಲಾಗಿ ಮಗುವಿಗೆ ಬೇರೆಯವರದು ಸಿಗುತ್ತದೆ.

ಬೇರಿನ ಔಷಧಿಯ ಬಗ್ಗೆ ಹಿರಿಯರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರದೂ ಪ್ರೀತಿಯೇ. ಆದರೆ ಒಂದು ವಿಷಯ ಹೇಳಿ. ನಿಮ್ಮ ಮಗಳಿಗೆ ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟಿನ್ ಗಿಡದಿಂದಲೇ ಬಂದದ್ದು, ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಎಲೆಯಿಂದ. ಇಪ್ಪತ್ತು ಕಿಲೋ ತೂಕದ ಮಗುವಿಗೆ ಅದರ ಡೋಸು ಸುಮಾರು 1.2 ಮಿಲಿಗ್ರಾಂ. ಸಾಸಿವೆ ಕಾಳಿನಷ್ಟೂ ಇಲ್ಲ. ಅದಕ್ಕಿಂತ ಹೆಚ್ಚಾದರೆ ಕೈಕಾಲು ಆಡಿಸುವ ನರಗಳು ಕೆಡುತ್ತವೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಅರೆದು ಕುಡಿಸಿದ ಬೇರಿನಲ್ಲಿ ಏನು ಎಷ್ಟಿದೆ ಅಂತ ಅಳೆಯುವವರು ಯಾರು? ಅದು ಯಕೃತ್ತಿಗೆ ತ್ರಾಸು ಕೊಟ್ಟರೆ ಕೀಮೊವನ್ನೇ ನಿಲ್ಲಿಸಬೇಕಾಗುತ್ತದೆ. ಹರಕೆ ಹೊರಲಿ, ಹಣೆಗೆ ಅಂಗಾರ ಹಚ್ಚಲಿ, ಸಿದ್ಧಾರೂಢರ ಮಠಕ್ಕೆ ಹೋಗಿ ಬರಲಿ, ಅದಕ್ಕೆಲ್ಲ ತಡೆಯಿಲ್ಲ. ಬಾಯೊಳಗೆ ಹೋಗುವುದು ಮಾತ್ರ, ತೀರ್ಥವೂ ಸೇರಿ, ಡಾಕ್ಟರನ್ನು ಕೇಳಿಯೇ.

‘ಎರಡೂವರೆ ವರ್ಷ ಯಾಕ?’ ಅಂತಲೂ ಅವರು ಕೇಳುತ್ತಾರೆ. ಹೊಲದ ಮಾತಿನಲ್ಲೇ ಹೇಳಿ. ರೋಗ ಗೊತ್ತಾದ ದಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣ ಇರುತ್ತವೆ. ಒಂದು ತಿಂಗಳ ಕೀಮೊ ಆದಮೇಲೆ ಮಜ್ಜೆ ಪರೀಕ್ಷೆ ಮಾಡಿ ಡಾಕ್ಟರು ‘ರೆಮಿಷನ್’, ಅಂದರೆ ರೋಗ ಈಗ ಕಾಣುತ್ತಿಲ್ಲ, ಅನ್ನುತ್ತಾರೆ, ಕೂದಲು ಉದುರಿದ್ದು ಬಿಟ್ಟರೆ ಮಗು ಆಡುತ್ತಿರುತ್ತದೆ. ಆದರೆ ಸೂಕ್ಷ್ಮದರ್ಶಕಕ್ಕೆ ಕಾಣದ ಹಾಗೆ ಆಗಲೂ ಸಾವಿರ ಕೋಟಿಯವರೆಗೆ ಉಳಿದಿರಬಹುದು. ಎಣ್ಣೆ ಹೊಡೆದು ಕಸ ಒಣಗಿತೆಂದು ಎಡೆ ಹೊಡೆಯುವುದು ಬಿಟ್ಟ ಹೊಲದ ಹಾಗೆ, ಮಣ್ಣಿನ ಬೀಜ ಮುಂದಿನ ಮಳೆಗೆ ಏಳುತ್ತದೆ. ಇದು ಹಳೆಯ ಪಾಠ. ಮೆಥೊಟ್ರೆಕ್ಸೇಟಿನ ಅಕ್ಕನಂಥ ಅಮಿನೋಪ್ಟೆರಿನ್ ಔಷಧಿಯನ್ನು ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ತಯಾರಿಸಿತು, ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ಮಕ್ಕಳಿಗೆ ಕೊಟ್ಟು 1948ರಲ್ಲಿ ವರದಿ ಮಾಡಿದರು. ಮಕ್ಕಳು ಎದ್ದು ಓಡಾಡಿದರು, ಕೆಲವೇ ತಿಂಗಳಲ್ಲಿ ರೋಗ ಮರಳಿತು. ಹಲವು ಔಷಧಿ ಕೂಡಿಸಿ ವರ್ಷಗಟ್ಟಲೆ ಕೊಡಲು ಕಲಿತ ಮೇಲೆಯೇ ಮಕ್ಕಳು ಉಳಿಯತೊಡಗಿದ್ದು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಗುಣವಾದರೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಮೂವತ್ತಕ್ಕೂ ಕಡಿಮೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಅದು ಕೊಡುವ ಕಾರಣಗಳಲ್ಲಿ ಚಿಕಿತ್ಸೆಯನ್ನು ನಡುವೆ ಬಿಡುವುದೂ ಒಂದು.

ಬಿಡುವುದಕ್ಕೆ ಮುಖ್ಯ ಕಾರಣ ದುಡ್ಡು ಮತ್ತು ದೂರ. ಮೊದಲ ವಾರದ ಗಾಬರಿಯಲ್ಲಿ ಹೊಲ, ಬಂಗಾರ ಮಾರಬೇಡಿ. ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಯ ಸಹಾಯಕರಾದ ‘ಆರೋಗ್ಯ ಮಿತ್ರ’ರ ಮೇಜು ಇರುತ್ತದೆ, ಅಲ್ಲಿಂದ ಶುರು ಮಾಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಖರ್ಚು ಸಿಗುತ್ತದೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ 30 ಪ್ರತಿಶತ, ವರ್ಷಕ್ಕೆ 1.5 ಲಕ್ಷ ಮಿತಿ. ಎಲ್ಲರೂ ಮುಗ್ಗರಿಸುವ ಕಡೆ ಒಂದೇ: ರೇಶನ್ ಕಾರ್ಡಿನಲ್ಲಿ ಮಗುವಿನ ಹೆಸರೇ ಸೇರಿರುವುದಿಲ್ಲ, ಇಲ್ಲವೇ ಆಧಾರಿನ ಹೆಸರಿಗೆ ಹೊಂದುವುದಿಲ್ಲ. ಯಜಮಾನರು ಊರಿನಲ್ಲಿದ್ದಾರಲ್ಲ, ಇದನ್ನು ಸರಿ ಮಾಡಿಸುವ ಕೆಲಸ ಅವರಿಗೆ ಕೊಡಿ. ಹುಬ್ಬಳ್ಳಿಯ ಕಿಮ್ಸ್‌ನಂಥ (ಈಗಿನ ಹೆಸರು ಕೆ.ಎಂ.ಸಿ.ಆರ್.ಐ.) ಸರ್ಕಾರಿ ಆಸ್ಪತ್ರೆಯಿಂದ ಖಾಸಗಿಗೆ ಹೋಗುವುದಿದ್ದರೆ ತುರ್ತು ಸಂದರ್ಭ ಬಿಟ್ಟು ರೆಫರಲ್ ಚೀಟಿ ಬೇಕು, ಅದಿಲ್ಲದೆ ಹೊರಡಬೇಡಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದರೆ ರೈಲಿನ ಸ್ಲೀಪರ್‌ನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಾರರಿಗೆ 75 ಪ್ರತಿಶತ ರಿಯಾಯಿತಿ ಇದೆ, ಡಾಕ್ಟರು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು. ನಿಮ್ಮೊಬ್ಬರ ಊರಿನ ಓಡಾಟಕ್ಕೆ ಶಕ್ತಿ ಯೋಜನೆಯ ಬಸ್ಸು ಇದ್ದೇ ಇದೆ. ಕೌಂಟ್ ಕಡಿಮೆ ಇರುವ ಮಗುವನ್ನು ಮಾತ್ರ ತುಂಬಿದ ಬಸ್ಸಿಗೆ ಹತ್ತಿಸಬೇಡಿ.

ಮಗನನ್ನು ಮರೆತಿಲ್ಲ. ಒಂಬತ್ತು ವರ್ಷದವನಿಗೆ ನಿಜವಾದ ಹೆಸರು ಹೇಳಿ: ರಕ್ತದ ಕ್ಯಾನ್ಸರ್, ಅಂಟುವುದಿಲ್ಲ, ನೀನು ಅವಳ ಜೊತೆ ಜಗಳಾಡಿದ್ದರಿಂದ ಬಂದದ್ದಲ್ಲ. ಈ ಕೊನೆಯ ಮಾತು ಅನೇಕ ಅಣ್ಣಂದಿರ ಎದೆಯಲ್ಲಿ ಕುಳಿತಿರುತ್ತದೆ, ಯಾರಿಗೂ ಹೇಳುವುದಿಲ್ಲ. ದಿನಾ ಸಂಜೆ ಒಂದೇ ಹೊತ್ತಿಗೆ ಹತ್ತು ನಿಮಿಷ ಅವನಿಗೇ ಫೋನು, ತಂಗಿಯ ಸುದ್ದಿಗಲ್ಲ, ಅವನ ಶಾಲೆಯ ಸುದ್ದಿಗೆ. ಅವನ ಮಾಸ್ತರಿಗೆ ತಿಳಿಸಿ, ಅದರ ಜೊತೆ ಒಂದು ಕೆಲಸವನ್ನೂ ಕೇಳಿಕೊಳ್ಳಿ: ಶಾಲೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಅಥವಾ ದಡಾರ ಬಂದರೆ ಅಂದೇ ಫೋನು ಮಾಡಲಿ. ಊರಲ್ಲಿ ‘ಅಮ್ಮ ಬಂದಾಳ’ ಅಂದು ಮುಚ್ಚಿಡುವುದುಂಟು. ನಿಮ್ಮ ಮಗಳಿಗೆ ಅದು ತಗುಲಿದರೆ ಪ್ರಾಣಕ್ಕೇ ಕುತ್ತು. ಅಂಥವರ ಜೊತೆ ಇದ್ದಳೆಂದು ಗೊತ್ತಾದ ದಿನವೇ ಡಾಕ್ಟರಿಗೆ ಹೇಳಿದರೆ ತಡೆಯುವ ಔಷಧಿ ಕೊಡಲು ಸಮಯ ಇರುತ್ತದೆ, ಗುಳ್ಳೆ ಎದ್ದ ಮೇಲೆ ಆ ಸಮಯ ಮುಗಿದಿರುತ್ತದೆ.

ನಿಮ್ಮ ವಿಷಯ. ಹನ್ನೆರಡು ದಿನ ಒಬ್ಬರೇ ಕೂತಿದ್ದೀರಿ. ಎರಡೂವರೆ ವರ್ಷ ಹೀಗೆ ಆಗುವುದಿಲ್ಲ. ತವರಿನಿಂದ ತಂಗಿಯೋ ಅತ್ತಿಗೆಯೋ ವಾರಕ್ಕೆ ಎರಡು ರಾತ್ರಿ ಬರಲಿ. ಬಂದವರಿಗೆ ಮೊದಲು ಥರ್ಮಾಮೀಟರ್, ನೋಟ್‌ಬುಕ್ ತೋರಿಸಿ, ಆಮೇಲೆ ಹೋಗಿ ಸತತ ಐದು ತಾಸು ಮಲಗಿ. ಮಗಳು ‘ಅವ್ವನ ಬೇಕು’ ಅಂತ ಮೊದಲ ರಾತ್ರಿ ಅಳುತ್ತಾಳೆ, ಎರಡನೆಯ ರಾತ್ರಿ ಕಡಿಮೆ. ಫೋನುಗಳನ್ನು ಒಬ್ಬರಿಗೆ ಒಪ್ಪಿಸಿ, ಮಗಳ ಸೋದರಮಾವ ಆಗಬಹುದು. ದಿನಕ್ಕೊಮ್ಮೆ ಅವರೇ ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಲಿ. ‘ನಮ್ಮೂರಾಗ ಒಬ್ಬ ಹುಡುಗ ಇದಕ್ಕ ಹೋದ’ ಅನ್ನುವವರ ಕರೆ ನಿಮ್ಮ ತನಕ ಬರದಿರಲಿ. ಅಳು ಬಂದರೆ ಅತ್ತುಬಿಡಿ, ಮಗಳ ಎದುರಾದರೂ ಸರಿ: ‘ಬ್ಯಾಸರಾತು, ಅದಕ್ಕ ಅತ್ತೆ’ ಅಂದರೆ ಅವಳಿಗೆ ಅರ್ಥವಾಗುತ್ತದೆ. ಮಲಗಲು ಅವಕಾಶ ಸಿಕ್ಕರೂ ಎರಡು ವಾರ ನಿದ್ದೆಯೇ ಬಾರದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ, 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಮನೆಗೆ ಕಳಿಸುವ ದಿನದ ಸಡಗರದಲ್ಲಿ ಎರಡು ಸಂಗತಿ ತಪ್ಪುತ್ತವೆ. ಮುಂದಿನ ಹಂತಗಳಲ್ಲಿ ಎರಡು ಗುಳಿಗೆ ಮನೆಯಲ್ಲಿ ನುಂಗಿಸಲು ಕೊಡುತ್ತಾರೆ. ಮರ್ಕ್ಯಾಪ್ಟೊಪ್ಯೂರಿನ್ ದಿನಾಲೂ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮೆಥೊಟ್ರೆಕ್ಸೇಟನ್ನು ದಿನಾ ಕೊಟ್ಟು ಪ್ರಾಣ ಹೋದದ್ದುಂಟು. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಮೆಥೊಟ್ರೆಕ್ಸೇಟ್ ಡಬ್ಬಿಯ ಮೇಲೆ ಅದನ್ನು ಕೊಡುವ ದಿನದ ಹೆಸರು ದೊಡ್ಡದಾಗಿ ಬರೆಯಿರಿ. ಬಸುರಿಯರು ಈ ಗುಳಿಗೆ ಮುಟ್ಟುವುದು ಬೇಡ.

ಇನ್ನೊಂದು ಜ್ವರದ ಚೀಟಿ. ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿಲೋಮೀಟರ್, ನಿಮ್ಮ ಹಳ್ಳಿಯಿಂದ ಇನ್ನೂ ದೂರ. ರಾತ್ರಿ ಜ್ವರ ಬಂದರೆ ಒಂದು ತಾಸಿನ ಲೆಕ್ಕ ದಾರಿಯಲ್ಲೇ ಮುಗಿಯುತ್ತದೆ. ಡಿಸ್ಚಾರ್ಜಿಗೆ ಮುಂಚೆ ಡಾಕ್ಟರ ಹತ್ತಿರ ಒಂದು ಹಾಳೆ ಬರೆಸಿಕೊಳ್ಳಿ: ಮಗುವಿನ ಹೆಸರು, ತೂಕ, ರೋಗ, ಜ್ವರ ಬಂದರೆ ಯಾವ ಆಂಟಿಬಯೋಟಿಕ್ ಎಷ್ಟು ಮಿಲಿಗ್ರಾಂ ನರಕ್ಕೆ ಕೊಡಬೇಕು, ಕುಂಡಿಗೆ ಸೂಜಿ ಬೇಡ, ವಾರ್ಡಿನ ಫೋನ್ ನಂಬರು. ಹತ್ತಿರದ ತಾಲೂಕು ಆಸ್ಪತ್ರೆಯಲ್ಲೋ ಹಾವೇರಿಯ ಜಿಲ್ಲಾಸ್ಪತ್ರೆಯಲ್ಲೋ ಅದನ್ನು ತೋರಿಸಿ ಮೊದಲ ಡೋಸು ಹಾಕಿಸಿಕೊಂಡು 108ರಲ್ಲಿ ಹುಬ್ಬಳ್ಳಿಗೆ ಹೊರಡಿ. ಹಾಳೆಗೆ ಲ್ಯಾಮಿನೇಶನ್ ಮಾಡಿಸಿ ಮೂರು ಪ್ರತಿ ಇಡಿ. ಒಂದು ನಿಮ್ಮ ಚೀಲದಲ್ಲಿ, ಒಂದು ಅಜ್ಜಿಯ ಹತ್ತಿರ, ಇನ್ನೊಂದು ದೇವರ ಜಗಲಿಯ ಪಕ್ಕದ ಗೋಡೆಗೆ, ನಿಮ್ಮಿಬ್ಬರಲ್ಲಿ ಯಾರೂ ಮನೆಯಲ್ಲಿಲ್ಲದಾಗಲೂ ಕಣ್ಣಿಗೆ ಬೀಳುವ ಹಾಗೆ.